ಅಂಕಿಗಳ ನಡುವಿನ ಮೌನ

ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ಬಿಚ್ಚುವವರ ಕೈಗಳನ್ನು ತಾವು ಗಮನಿಸಿರಬಹುದು. ಬಿಸಿನೀರಿನಲ್ಲಿ ಮೆದುವಾದ ಗೂಡಿನಿಂದ ಎಳೆಯ ತುದಿಯನ್ನು ಹುಡುಕಿ, ಕಡಿಯದಂತೆ ಬಿಡಿಸಬೇಕು. ಆದರೆ ಒಂದೇ ಗೂಡಿನ ಎಳೆ ನೂಲಾಗದು. ಹಲವು ಗೂಡುಗಳ ಎಳೆಗಳು ಕೂಡಬೇಕು. ಹಳೆಯ ಸಂಗೀತವನ್ನು ಇಂದು ಅಳವಡಿಸಿ ಧ್ವನಿಮುದ್ರಿಸುವವರ ಕೆಲಸವೂ ಇಂಥದೇ.

ಪೋರ್ಚುಗಲ್ಲಿನ ಕೊಯಿಂಬ್ರಾ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ 18ನೆಯ ಶತಮಾನದ ಆರಂಭದ ಒಂದು ಹಸ್ತಪ್ರತಿಯಿದೆ. ಅದರ ಸಂಖ್ಯೆ ಎಂ.ಎಂ. 97. ಜೋಸೆಫ್ ಕಾರ್ನೆಯ್ರೊ ತವಾರೆಸ್ ಎಂಬವರು ಸಂಗ್ರಹಿಸಿದ ಆ ಪುಟಗಳಲ್ಲಿರುವುದು ‘ವಿಯೋಲ’ದ ಸಂಗೀತ. ವಿಯೋಲವೆಂದರೆ ಐದು ಜೊತೆ ತಂತಿಗಳ ಅಂದಿನ ಗಿಟಾರ್. ನಮ್ಮ ಗಾನವೃಂದಗಳಲ್ಲಿರುವ ಆರು ತಂತಿಯ ಗಿಟಾರಿನ ಹಿರಿಯ ಬಂಧು. ಅಲ್ಲಿ ಸ್ವರಗಳನ್ನು ಬರೆದಿಲ್ಲ, ಅಂಕಿಗಳನ್ನು ಬರೆದಿದೆ. ಸೊನ್ನೆಯೆಂದರೆ ಬೆರಳೊತ್ತದ ತಂತಿ, 1 ಎಂದರೆ ಮೊದಲ ಮೆಟ್ಟಿಲು. ಬೆರಳಿನ ಜಾಗ ನಿಖರ. ಸ್ವರ ಎಷ್ಟು ಹೊತ್ತು ನಿಲ್ಲಬೇಕೆಂಬುದು ಎಷ್ಟೋ ಕಡೆ ನುಡಿಸುವವರ ಅರಿವಿಗೆ ಬಿಟ್ಟದ್ದು.

ಈ ಮೌನವನ್ನು ಹೇಗೆ ತುಂಬುತ್ತಾರೆ ಎಂಬುದರಲ್ಲಿಯೇ ಕಲಾವಿದರ ಪ್ರಾಮಾಣಿಕತೆ ತಿಳಿಯುತ್ತದೆ. ಕೆಲವರು ಒಂಟಿ ವಾದ್ಯದಲ್ಲಿಯೇ ನುಡಿಸಿ ಅದನ್ನೇ ಶುದ್ಧವೆನ್ನುತ್ತಾರೆ. ಕೆಲವರು ತಾಳವಾದ್ಯಗಳನ್ನು ಸೇರಿಸಿ ಉತ್ಸವವನ್ನೇ ಎಬ್ಬಿಸುತ್ತಾರೆ. ನನಗೆ ಎರಡರಲ್ಲಿಯೂ ಪೂರ್ಣ ಸಮಾಧಾನವಿಲ್ಲ. ಆ ಸಂಗ್ರಹದಲ್ಲಿ ‘ಕುಂಬೆ’ ಎಂಬ ಕುಣಿತದ ರಚನೆಗಳಿವೆ. ಅದು ಆಫ್ರಿಕದ ಜನರಿಂದ ಬಂದ ಕುಣಿತ. ಪೋರ್ಚುಗಲ್ ತನ್ನ ನೆಲಕ್ಕೆ ಗುಲಾಮರನ್ನು ತರುವುದನ್ನು ನಿಷೇಧಿಸಿದ್ದು 1761ರಲ್ಲಿ. ಹಸ್ತಪ್ರತಿ ಅದಕ್ಕೂ ಹಿಂದಿನದು. ಆ ಲಯವನ್ನು ಮೊದಲು ಕುಣಿದವರ ಹೆಸರು ಅಂಕಿಗಳ ನಡುವೆ ಎಲ್ಲಿಯೂ ಇಲ್ಲ. ಆದುದರಿಂದ ಡೋಲಿನ ಪೆಟ್ಟು ಬರಿಯ ಅಲಂಕಾರವಲ್ಲ, ಅದು ಋಣಸ್ಮರಣೆಯೂ ಆಗಬಲ್ಲದು. ಆದರೆ ಅದೇ ಪೆಟ್ಟು ತಂತಿಯ ಮೆಲುದನಿಯನ್ನು ನುಂಗಿದರೆ, ಉಳಿದಿರುವ ಒಂದೇ ಸಾಕ್ಷಿಯನ್ನೂ ನಾವು ಕಳೆದುಕೊಳ್ಳುತ್ತೇವೆ. ಯಾವುದು ಹಸ್ತಪ್ರತಿಯದು, ಯಾವುದು ತನ್ನದು ಎಂದು ಮುದ್ರಿಕೆಯ ಹೊದಿಕೆಯ ಮೇಲೆ ತಿಳಿಸುವ ಕಲಾವಿದನನ್ನು ನಾನು ನಂಬುತ್ತೇನೆ.

ಇದು ದೂರದ ಮಾತಲ್ಲ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿಗಳ ನಮ್ಮ ಮನೆಗಳಲ್ಲಿಯೂ ಅಜ್ಜಿಯರ ಬಾಯಲ್ಲಿ ಮಾತ್ರ ಉಳಿದಿರುವ ಹಾಡುಗಳುಂಟು. ಅವಕ್ಕೆ ಕೀಬೋರ್ಡಿನ ಮೆರುಗು ಕೊಡುವ ಮುನ್ನ ಒಮ್ಮೆ, ಉಸಿರು ತಡೆದು ನಿಂತ ಕಡೆಗಳೂ ಸೇರಿದಂತೆ, ಅವರ ದನಿಯನ್ನು ಇದ್ದಂತೆಯೇ ಧ್ವನಿಮುದ್ರಿಸಿಕೊಳ್ಳಿ. ಜೊತೆಗೆ ಅವರ ಹೆಸರನ್ನೂ ಬರೆದಿಡಿ. ಅಳವಡಿಕೆಗೆ ನಾಳೆಯೂ ಸಮಯವಿದೆ.