ಸೇಬಿನ ಸುಗ್ಗಿಯೂ ಕವಿಯ ದಣಿವೂ

ತೋಟದ ಕೆಲಸವು ಕಾವ್ಯರಚನೆಗೆ ವಿಘ್ನವೆಂದು ಹೇಳುವವರುಂಟು. ಮಣ್ಣು ಮುಟ್ಟಿದವನಿಗೇ ಕವಿತೆ ಒಲಿಯುವುದೆಂದು ಸಾರುವವರೂ ಉಂಟು. ಅಮೆರಿಕದ ಕವಿ ರಾಬರ್ಟ್ ಫ್ರಾಸ್ಟನ ‘ಆಫ್ಟರ್ ಆಪಲ್-ಪಿಕಿಂಗ್’ ಎಂಬ ಕವಿತೆಯನ್ನು ಓದಿದಾಗಲೆಲ್ಲ ಈ ಎರಡು ಮಾತುಗಳೂ ಅರ್ಧಸತ್ಯಗಳೆಂದು ನಮಗೆ ತೋರುತ್ತದೆ. 1914ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ ‘ನಾರ್ತ್ ಆಫ್ ಬಾಸ್ಟನ್’ ಸಂಗ್ರಹದಲ್ಲಿರುವ ಈ ಕೃತಿಗೆ 42 ಸಾಲು ಮಾತ್ರ.

ಅದರಲ್ಲಿ ನಡೆಯುವ ಸಂಗತಿಯು ಅತ್ಯಲ್ಪ. ಶರತ್ಕಾಲ ಕಳೆದು ಚಳಿ ಕಾಲಿಡುವ ಹೊತ್ತು. ಏಣಿಯು ಇನ್ನೂ ಮರದಲ್ಲಿಯೇ ಇದೆ. ಪೀಪಾಯಿಯೊಂದು ತುಂಬಿಲ್ಲ, ಕೊಂಬೆಯಲ್ಲಿ ಎರಡು ಮೂರು ಹಣ್ಣು ಉಳಿದಿರಲೂಬಹುದು. ಆದರೆ ಕೊಯ್ದವನಿಗೆ ಸಾಕಾಗಿದೆ. ಬೆಳಗ್ಗೆ ನೀರಿನ ತೊಟ್ಟಿಯಿಂದ ತೆಗೆದ ಮಂಜುಗಡ್ಡೆಯ ತೆಳುಹಾಳೆಯ ಮೂಲಕ ಹುಲ್ಲನ್ನು ನೋಡಿದ ಬೆರಗು ಅವನ ಕಣ್ಣನ್ನು ಬಿಟ್ಟಿಲ್ಲ. ನಿದ್ದೆ ಹತ್ತುವಾಗ ಹಣ್ಣುಗಳೇ ಬೃಹದಾಕಾರ ತಾಳಿ ಬರುತ್ತವೆ. ಏಣಿಯ ಮೆಟ್ಟಿಲೊತ್ತಿದ ನೋವು ಅಂಗಾಲಿನಲ್ಲಿದೆ. ನೆಲಮಾಳಿಗೆಯಲ್ಲಿ ಸೇಬು ಸುರಿಯುವ ಸದ್ದು ಕಿವಿಯಲ್ಲಿದೆ. ಸೇಬನ್ನು ಅಂಗಡಿಯಲ್ಲಿ ಮಾತ್ರ ಕಂಡ ನಮಗೂ ಈ ದಣಿವು ಅಪರಿಚಿತವಲ್ಲ. ದಿನವೆಲ್ಲ ಅಡಕೆ ಸುಲಿದು ಮಲಗಿದವರಿಗೆ ಕಣ್ಣು ಮುಚ್ಚಿದರೂ ಅಡಕೆಯೇ ಕಾಣುವುದನ್ನು ಮಲೆನಾಡಿನ ಮನೆಗಳವರು ಬಲ್ಲರು.

ಏಣಿಯೆಂದರೆ ಸ್ವರ್ಗ, ನಿದ್ರೆಯೆಂದರೆ ಮರಣ, ಸೇಬೆಂದರೆ ಕವಿತೆ ಎಂದು ಅರ್ಥ ಹೇಳುವುದು ವಿಮರ್ಶಕರಲ್ಲಿ ರೂಢಿಯಾಗಿದೆ. ಅದು ತಪ್ಪೆನ್ನಲಾರೆವು, ಆದರೆ ಅಷ್ಟು ಅವಸರವೇಕೆ? ನೆಲಕ್ಕೆ ಬಿದ್ದ ಹಣ್ಣು, ಅದಕ್ಕೆ ಪೆಟ್ಟಾಗಿರಲಿ ಬಿಡಲಿ, ರಸ ಹಿಂಡುವ ರಾಶಿಗೇ ಸೇರಬೇಕೆಂಬ ಮಾತು ಕವಿತೆಯಲ್ಲಿ ಬರುತ್ತದೆ. ಇದು ಸಂಕೇತಕ್ಕಾಗಿ ಕಟ್ಟಿದ ಮಾತಲ್ಲ, ತೋಟದ ಕಟ್ಟಳೆ. ಕೈಜಾರಿದ ಕ್ಷಣವೇ ಬೆಲೆ ಹೋಯಿತು! ಸಾವಿರಾರು ಹಣ್ಣುಗಳನ್ನು ಒಂದೊಂದಾಗಿ ಎತ್ತಿ ಇಳಿಸಿದ ಕೈಗಲ್ಲದೆ ಈ ಅಳುಕು ತಿಳಿಯದು. ಪದಗಳನ್ನು ಕುರಿತ ಫ್ರಾಸ್ಟನ ಎಚ್ಚರವೂ ಇದೇ ಜಾತಿಯದು.

ಹಾಗೆಂದು ತೋಟವೇ ಕವಿಯನ್ನು ಪೋಷಿಸಿತೆಂದರೆ ಸತ್ಯಕ್ಕೆ ದೂರವಾಗುತ್ತದೆ. 1900ರಲ್ಲಿ ನ್ಯೂ ಹ್ಯಾಂಪ್‌ಷೈರಿನ ಡೆರಿಯಲ್ಲಿ 30 ಎಕರೆಯ ಜಮೀನನ್ನು ಕೊಂಡವನು ಅವನ ಅಜ್ಜ. ಫ್ರಾಸ್ಟನು ಕೋಳಿ ಸಾಕಿದನು, ಕೋಳಿಸಾಕಣೆಯ ಪತ್ರಿಕೆಗಳಿಗೆ ಬರೆದನು. ಒಕ್ಕಲುತನದಲ್ಲಿ ಮಾತ್ರ ನಿಪುಣನೆನಿಸಲಿಲ್ಲ. ಅಜ್ಜನ ಉಯಿಲಿನಿಂದ ಬಂದ ವರ್ಷಾಶನವೂ ಸಾಲದೆ 1906ರಿಂದ ಪಾಠ ಹೇಳಬೇಕಾಯಿತು. 1911ರಲ್ಲಿ ಜಮೀನನ್ನು ಮಾರಿ, ಮರುವರ್ಷ ಸಂಸಾರಸಮೇತ ಇಂಗ್ಲೆಂಡಿಗೆ ಹೋದನು. ಈ ಕವಿತೆ ಹುಟ್ಟಿದ್ದು ಅಲ್ಲಿ. ಸುಗ್ಗಿಯು ಅವನಿಗೆ ವಸ್ತುವನ್ನು ಕೊಟ್ಟಿತೇ ಹೊರತು ಬಿಡುವನ್ನು ಕೊಡಲಿಲ್ಲ. ಬಿಡುವು ದೊರೆತದ್ದು ಜಮೀನು ಕೈಬಿಟ್ಟ ಮೇಲೆ. ತೋಟದ ಬಾಳನ್ನು ಹೊಗಳುವ ನಮ್ಮ ಲೇಖಕರು ಈ ಲೆಕ್ಕವನ್ನು ಮರೆಯುತ್ತಾರೆ.

ಒಂದು ಆಕ್ಷೇಪವನ್ನೂ ಹೇಳಬೇಕು. ಸುಗ್ಗಿಯೆಂಬುದು ಒಬ್ಬನ ಕೆಲಸವಲ್ಲ. ಈ ತೋಟದಲ್ಲಾದರೋ ಏಣಿಯ ಮೇಲಿನವನನ್ನು ಬಿಟ್ಟರೆ ಮನುಷ್ಯರ ಸುಳಿವೇ ಇಲ್ಲ. ಹಣ್ಣು ಆರಿಸಿದವರು, ಮನೆಯಲ್ಲಿ ಒಲೆ ಉರಿಸಿದವರು ಎಲ್ಲಿ?

ಆದರೂ ಪದ್ಯದ ನಡೆ ಅಸಾಧಾರಣವಾದುದು. ಉದ್ದದ ಸಾಲಿನ ಬೆನ್ನಿಗೇ ತುಂಡುಸಾಲು ಬರುತ್ತದೆ, ಪ್ರಾಸವು ಒಮ್ಮೆ ಬೇಗ, ಒಮ್ಮೆ ತಡವಾಗಿ ಕೂಡುತ್ತದೆ, ತೂಕಡಿಸುವವನ ಹೆಜ್ಜೆಯಂತೆ. ತನಗೆ ಬರುತ್ತಿರುವ ನಿದ್ರೆ ಯಾವ ಬಗೆಯದೆಂದು ಅವನಿಗೇ ತಿಳಿಯದು. ಚಳಿಗಾಲವೆಲ್ಲ ನಿದ್ರಿಸುವ ವುಡ್‌ಚಕ್ ಎಂಬ ಪ್ರಾಣಿಯನ್ನು ಕೇಳೋಣವೆಂದರೆ, ಅದು ಆಗಲೇ ಹೊರಟುಹೋಗಿದೆ.