ನಳಿಗೆಯ ತುದಿಯಲ್ಲೊಂದು ವಿರೋಧಾಭಾಸ

ಪಿರಿಯಾಪಟ್ಟಣದ ಕೊಡಗಿನಂಚಿನಲ್ಲಾಗಲಿ, ಹೆಗ್ಗಡದೇವನಕೋಟೆಯ ಕಾಡಿನ ಮಗ್ಗುಲಲ್ಲಾಗಲಿ, ಆಯುಧಪೂಜೆಯ ದಿನ ಕುಂಕುಮ ಹೂಗಳಿಂದ ಅಲಂಕೃತವಾದ ಹಳೆಯ ಜೋಡುನಳಿಗೆ ಕೋವಿಯೊಂದು ಎದುರಿಗಿದ್ದರೆ, ಮನೆಯ ಯಜಮಾನರು ಮೊದಲು ಬೆರಳಿಟ್ಟು ತೋರಿಸುವುದು ನಳಿಗೆಗಳ ನಡುವಣ ಪಟ್ಟಿಯ ಮೇಲೆ ಕೆತ್ತಿರುವ ವಿಲಾಯತಿ ಹೆಸರನ್ನೇ. ಹೆಸರು ಸಾಕ್ಷಿಯೇನೋ ಹೌದು. ಆದರೆ ಕೆತ್ತಬಲ್ಲ ಕೈ ಯಾವ ಹೆಸರನ್ನಾದರೂ ಕೆತ್ತೀತು. ಕೋವಿಯ ಕುಲಗೋತ್ರವನ್ನು ನಿಜವಾಗಿ ನುಡಿಯುವುದು ಅದರ ಒಡಲು.

ಹಾಗೆ ಒಡಲನ್ನು ನೋಡದೆ ಗುರುತು ಹತ್ತದ ಕೋವಿಗಳಲ್ಲಿ ನಮ್ಮ ಸೀಮೆಗೆ ಬಹಳ ಸಲ್ಲುವುದು ‘ಪ್ಯಾರಡಾಕ್ಸ್’. ಎಡತೊರೆಯ, ಎಂದರೆ ಇಂದಿನ ಕೃಷ್ಣರಾಜನಗರದ, ಕಾವೇರಿ ಬಯಲಿನಲ್ಲಿ ನೀರುಹಕ್ಕಿಯನ್ನರಸುತ್ತಿದ್ದವನಿಗೆ ಚರೆ ಸಾಕಾಗಿತ್ತು. ಕಾಕನಕೋಟೆಯ ಕಾಡಿನಲ್ಲಿ ಕಾಡುಕೋಳಿಗೆಂದು ಹೊರಟವನಿಗೆ ಚಿರತೆ ಎದುರಾದರೆ ಗುಂಡೇ ಬೇಕಾಗಿತ್ತು. ಮೈಸೂರಿನಲ್ಲಿ ಕಾಡಾನೆಗಳನ್ನು ಹಿಡಿಯುವ ಖೆಡ್ಡಾವನ್ನು ನಡೆಸಿದ ಜಿ.ಪಿ. ಸ್ಯಾಂಡರ್ಸನ್ 1878ರಲ್ಲಿ ತನ್ನ ಗ್ರಂಥವನ್ನು ಪ್ರಕಟಿಸಿದ ಕಾಲಕ್ಕೆ, ಆನೆ ಕಾಟಿಗಳಿಗೆ 4 ಮತ್ತು 8 ಬೋರಿನ ಭಾರಿ ಕೋವಿಗಳೇ ಗತಿಯಾಗಿದ್ದವು. ಹಕ್ಕಿಗೆ ಹಗುರವಾದ ಕೋವಿ ಬೇರೆ. ಈ ದ್ವಂದ್ವವನ್ನು ಬಗೆಹರಿಸಲು ಹೊರಟವನು ಭಾರತದ ವಾಯವ್ಯ ಗಡಿಯಲ್ಲಿ ಕಾದಾಡಿ ವಿಕ್ಟೋರಿಯಾ ಕ್ರಾಸ್ ಪಡೆದ ಕರ್ನಲ್ ಜಾರ್ಜ್ ಫಾಸ್ಬರಿ. 1885ರಲ್ಲಿ ಅವನು ಪೇಟೆಂಟ್ ಪಡೆದ ಉಪಾಯವನ್ನು ಹಾಲೆಂಡ್ ಅಂಡ್ ಹಾಲೆಂಡ್ ಸಂಸ್ಥೆ ಕೋವಿಯಾಗಿ ರೂಪಿಸಿತು. ಉಪಾಯವಿಷ್ಟೇ: ನಳಿಗೆಯ ಉದ್ದಕ್ಕೂ ಒಳಮೈ ನುಣುಪು, ತುದಿಯ ಸುಮಾರು ಎರಡು ಅಂಗುಲದಲ್ಲಿ ಮಾತ್ರ ಗುಂಡನ್ನು ತಿರುಗಿಸುವ ಸುರುಳಿ ಗೀರುಗಳು. ಸುಮಾರು ಮೂರೂಕಾಲು ಕಿಲೋ ತೂಗುವ 12 ಬೋರಿನ ಒಂದೇ ಕೋವಿ ಚರೆಯನ್ನೂ ಚದುರಿಸಿತು, ಗುಂಡನ್ನೂ ನೇರವಾಗಿ ಒಯ್ದಿತು. ನುಣುಪೂ ಹೌದು, ಗೀರೂ ಹೌದು ಎಂಬ ಈ ವಸ್ತುವಿಗೆ ನಮ್ಮ ಆಲಂಕಾರಿಕರು ವಿರೋಧಾಭಾಸವೆಂದು ಕರೆದುದನ್ನೇ ಅದರ ಕರ್ತೃಗಳು ಹೆಸರಾಗಿಟ್ಟರು.

ಆದ್ದರಿಂದ ಪರೀಕ್ಷಕನು ಕೋವಿ ಬರಿದೆಂಬುದನ್ನು ಮೊದಲು ಖಚಿತಪಡಿಸಿಕೊಂಡು, ನಳಿಗೆಗಳನ್ನು ಬಿಚ್ಚಿ ಬೆಳಕಿಗೆ ಹಿಡಿದು, ತೋಟಾ ತುಂಬುವ ಕಡೆಯಿಂದ ತುದಿಯವರೆಗೆ ಕಣ್ಣು ಹಾಯಿಸತಕ್ಕದ್ದು. ಗೀರು ಕಾಣದ ಮಾತ್ರಕ್ಕೆ ನಿರಾಶೆ ಸಲ್ಲದು: ಇದೇ ಪ್ರಯೋಜನಕ್ಕಾಗಿ ಚಾರ್ಲ್ಸ್ ಲಂಕಾಸ್ಟರ್ ಸಂಸ್ಥೆ ‘ಕಾಲಿಂಡಿಯನ್’ ಎಂಬ ಕೋವಿಯಲ್ಲಿ ಗೀರಿಲ್ಲದೆಯೇ ಒಳಮೈಯನ್ನು ಅಂಡಾಕಾರವಾಗಿ ತಿರುಚಿತು.

ಬಳಿಕ ನಳಿಗೆಗಳ ಅಡಿಭಾಗವನ್ನು ಓದಬೇಕು. ಕಿರೀಟದ ಕೆಳಗೆ ಹೆಣೆದುಕೊಂಡ ‘ಜಿ.ಪಿ.’ ಅಕ್ಷರಗಳು ನಳಿಗೆಗಳ ಬಲವನ್ನು ಪರೀಕ್ಷಿಸುವ ಲಂಡನ್ನಿನ ಪರೀಕ್ಷಾಗೃಹದವು. ಕಿರೀಟದ ಕೆಳಗೆ ಅಡ್ಡಹಾಯ್ದ ರಾಜದಂಡಗಳು 1813ರಲ್ಲಿ ಸ್ಥಾಪಿತವಾದ ಬರ್ಮಿಂಗ್‌ಹ್ಯಾಮ್ ಪರೀಕ್ಷಾಗೃಹದ ಹಳೆಯ ಮುದ್ರೆ, 1904ರಲ್ಲಿ ಬದಲಾದುದು. ‘ನಾಟ್ ಫಾರ್ ಬಾಲ್’, ಎಂದರೆ ಗುಂಡಿಗಲ್ಲ, ಎಂಬ ಒಕ್ಕಣೆಯಿದ್ದರೆ ಆ ಪರೀಕ್ಷೆ ನಡೆದುದು 1875ರಿಂದ 1887ರ ಒಳಗೆ. 12 ಎಂಬ ಅಂಕೆ ಬೋರನ್ನು ಹೇಳುತ್ತದೆ: ಒಂದು ಪೌಂಡ್ ಸೀಸದಿಂದ ಹನ್ನೆರಡು ಸಮಗುಂಡುಗಳನ್ನು ಎರೆದರೆ ಅವುಗಳಲ್ಲೊಂದರ ಅಗಲವೇ, ಎಂದರೆ ಸುಮಾರು 18.5 ಮಿಲಿಮೀಟರ್, ನಳಿಗೆಯ ಅಗಲ. ಮೇಲೆ ಲಂಡನ್ನಿನ ಹೆಸರಿದ್ದು ಅಡಿಯಲ್ಲಿ ಬರ್ಮಿಂಗ್‌ಹ್ಯಾಮಿನ ಮುದ್ರೆಯಿದ್ದರೆ ಥಟ್ಟನೆ ವಂಚನೆಯೆನ್ನಲಾಗದು. ಆದರೆ ಪರಾಮರ್ಶೆ ಅಲ್ಲಿಂದಲೇ ಆರಂಭವಾಗಬೇಕು.

ಕಾಕನಕೋಟೆಯ ಕೊನೆಯ ಖೆಡ್ಡಾ 1971ರಲ್ಲಿ ಮುಗಿಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬೇಟೆಯ ಯುಗಕ್ಕೆ ತೆರೆಯೆಳೆಯಿತು. ಅದು ನ್ಯಾಯವೇ ಸರಿ. ಈಗ ಈ ಕೋವಿಗಳು ಉಳಿಯಬೇಕಾದುದು ಕರಕುಶಲತೆಯ ದಾಖಲೆಗಳಾಗಿ. ಆದಕಾರಣ ಪರವಾನಗಿಯೊಡನೆ ಅವನ್ನು ಕಾಪಾಡಿಕೊಂಡಿರುವ ಮನೆಯವರಲ್ಲಿ ನನ್ನ ವಿಜ್ಞಾಪನೆ: ಹಬ್ಬಕ್ಕೆ ಹೊಳಪು ಬರಲೆಂದು ಮರಳುಕಾಗದದಿಂದ ಉಜ್ಜಬೇಡಿರಿ, ಮಸುಕಾದ ಮುದ್ರೆ ಒಮ್ಮೆ ಅಳಿದರೆ ಮರಳದು. ಕರಿಮದ್ದಿಗಷ್ಟೇ ಪರೀಕ್ಷಿತವಾದ ನಳಿಗೆಯಲ್ಲಿ ಇಂದಿನ ತೋಟಾವನ್ನು ಎಂದಿಗೂ ಹಾರಿಸಬೇಡಿರಿ. ಕೋವಿಯ ಕ್ರಮಾಂಕವನ್ನೂ ಅಡಿಯ ಮುದ್ರೆಗಳನ್ನೂ ಒಂದು ಹಾಳೆಯಲ್ಲಿ ಬರೆದು, ಪರವಾನಗಿ ಪುಸ್ತಕದೊಳಗೆ ಇಂದೇ ಇಟ್ಟುಬಿಡಿರಿ.