ಹಿಮ್ಮೇಳವಿಲ್ಲದ ದನಿ

ವಾಟ್ಸ್‌ಆ್ಯಪ್‌ನ ವಾಯ್ಸ್ ಮೆಸೇಜು ನಮ್ಮ ಹೊಸ ಮೌಖಿಕ ಪರಂಪರೆ ಎಂಬ ಮಾತಿಗೆ ವಿಚಾರಸಂಕಿರಣಗಳಲ್ಲಿ ಸಲೀಸಾಗಿ ಚಪ್ಪಾಳೆ ಬೀಳುತ್ತದೆ. ಕೊಳ್ಳೇಗಾಲ, ಹನೂರು ಸೀಮೆಯ ಹೆಸರು ಬಂದರಂತೂ ಮಂಟೇಸ್ವಾಮಿ, ಮಾದಪ್ಪನ ಕಾವ್ಯಗಳನ್ನು ತಂದು ಫೋನಿಗೆ ಗಂಟುಹಾಕುವುದು ಇನ್ನೂ ಸುಲಭ. ಈ ಹೊಗಳಿಕೆಯನ್ನು ನಾನು ಒಪ್ಪುವುದಿಲ್ಲ. ಮಂಟೇಸ್ವಾಮಿಯ ಕತೆ ಹಾಡುವ ನೀಲಗಾರರ ಮೇಳದಲ್ಲಿ ತಂಬೂರಿ ಹಿಡಿದವನು ಎತ್ತಿದ ಸೊಲ್ಲನ್ನು ಹಿಮ್ಮೇಳ ಹಿಡಿದುಕೊಳ್ಳುತ್ತದೆ. ಅಷ್ಟರಲ್ಲಿ ಮುಂದಿನ ಸೊಲ್ಲು ಅವನ ಬಾಯಿಗೆ ಬರುತ್ತದೆ. ಕೂತು ಕೇಳುವವರನ್ನು ನೋಡಿಕೊಂಡು ಕತೆ ಹಿಗ್ಗುತ್ತದೆ, ಕುಗ್ಗುತ್ತದೆ. ಫೋನಿನಲ್ಲಿ ಹಾಗೆ ಎದುರಿಗೆ ಇರುವವರು ಎಲ್ಲಿ?

ಕಾಮಗೆರೆಯ ತಾಯಿಯೊಬ್ಬಳು ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೋದ ಮಗನಿಗೆ ಕಳಿಸಿದ ತುಣುಕೊಂದನ್ನು ಕೇಳಬೇಕು. “ಮಳ ಉಯ್ತಾ ಅದ ಕಣ ಮಗ. ಹಸ ಕರ ಹಾಕ್ತು. ಉಂಡಯಾ?” ಅಷ್ಟಕ್ಕೆ ಸುಮ್ಮನಾಗುತ್ತಾಳೆ. ಹಿಂದೆ ಶೀಟಿನ ಮೇಲೆ ಮಳೆಯ ಸದ್ದು. ಆಮೇಲೆ ತಾನೇ “ಹ್ಞೂಂ” ಅಂದು, “ದುಡ್ಡ ನಿಧಾನಕ್ಕ ಕಳ್ಸು” ಎಂದು ಮುಂದುವರಿಸುತ್ತಾಳೆ.

ವಿಮರ್ಶೆ ನಿಲ್ಲಬೇಕಾದದ್ದು ಆ ಬಿಡುವಿನಲ್ಲಿ. ಮಗ ಆ ಕಡೆ ಇಲ್ಲವೆಂದು ಅವಳಿಗೆ ಗೊತ್ತು. ಆದರೂ ಅವನ ಉತ್ತರಕ್ಕೆ ಜಾಗ ಬಿಡುತ್ತಾಳೆ, ಬಾರದ ಹಿಮ್ಮೇಳವನ್ನು ತಾನೇ ತುಂಬುತ್ತಾಳೆ. ಹಾಗಾಗಿ ಈ ದನಿಯನ್ನು ಕಾವ್ಯವೆಂದಲ್ಲ, ಕಾಗದವೆಂದೇ ಓದಬೇಕು. ಅಕ್ಷರ ಬಾರದವಳು ಹಿಂದೆ ಕಾಗದ ಬರೆಸಬೇಕೆಂದರೆ ಮೇಷ್ಟ್ರ ಮುಂದೆಯೋ ಪೋಸ್ಟ್‌ಮನ್ ಮುಂದೆಯೋ ಮನೆಯ ಗುಟ್ಟನ್ನೆಲ್ಲ ಬಿಚ್ಚಬೇಕಿತ್ತು. ಈಗ ಮಧ್ಯೆ ಯಾರೂ ಇಲ್ಲ. ಹಗಲು ಮೇಸ್ತ್ರಿ ಕೂಗುವಾಗ ಕಾಲ್ ಎತ್ತಲಾಗದ ಮಗ ರಾತ್ರಿ ಶೆಡ್ಡಿನಲ್ಲಿ ಅವ್ವನ ದನಿಯನ್ನು ಮತ್ತೆ ಮತ್ತೆ ಕೇಳಬಹುದು.

ಫೋನು ಬಂದು ಜಗಲಿಕಟ್ಟೆಯ ಮಾತು ಸತ್ತಿತೆಂದು ಹಲುಬುವವರ ಜೊತೆ ನನ್ನ ಜಗಳ ಇನ್ನೂ ದೊಡ್ಡದು. ಆ ಜಗಲಿಯ ಮೇಲೆ ಯಾರು ಕೂರುತ್ತಿದ್ದರು, ಯಾರು ಅಂಗಳದಲ್ಲೇ ನಿಲ್ಲಬೇಕಿತ್ತು ಎಂಬುದನ್ನು ಅವರು ಹೇಳುವುದೇ ಇಲ್ಲ. ಜಾತಿ ಮರೆತು ಒಟ್ಟಿಗೆ ಉಣ್ಣಲು ಇದೇ ಸೀಮೆಯ ಚಿಕ್ಕಲ್ಲೂರು ಜಾತ್ರೆಯ ಪಂಕ್ತಿಸೇವೆಯೇ ಬೇಕಾಯಿತೆಂದರೆ ಉಳಿದ ದಿನಗಳ ಜಗಲಿ ಎಂಥದ್ದಿರಬೇಕು? ಹೆಂಗಸರಿಗಂತೂ ಕಟ್ಟೆಯ ಮೇಲೆ ಜಾಗವೇ ಇರಲಿಲ್ಲ. ಯಾರದೋ ಕಟ್ಟೆಯನ್ನು ಇಡೀ ಊರಿನದೆಂದು ನೆನೆಯುವುದು ಅನ್ಯಾಯ.

ಕೇಡು ಇಲ್ಲವೆನ್ನುತ್ತಿಲ್ಲ. 2018ರಲ್ಲಿ ವಾಟ್ಸ್‌ಆ್ಯಪ್‌ನಲ್ಲಿ ಹರಿದ ಮಕ್ಕಳ ಕಳ್ಳರೆಂಬ ಸುಳ್ಳು ಸುದ್ದಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಜೀವ ತೆಗೆಯಿತು. ಅದೇ ವರ್ಷದ ಜುಲೈನಲ್ಲಿ ವಾಟ್ಸ್‌ಆ್ಯಪ್ ಭಾರತದಲ್ಲಿ ಫಾರ್ವರ್ಡ್‌ಗೆ ಒಮ್ಮೆಗೆ ಐದು ಚಾಟ್‌ಗಳ ಮಿತಿ ಘೋಷಿಸಿತು. ಆದರೆ ಯಾರದೆಂದೇ ತಿಳಿಯದ ಫಾರ್ವರ್ಡನ್ನೂ ಈ ತಾಯಿಯ ದನಿಯನ್ನೂ ‘ಸಾಮಾಜಿಕ ಜಾಲತಾಣ’ ಎಂಬ ಒಂದೇ ಹೆಸರಿನಡಿ ತಂದು ತೀರ್ಪು ಕೊಡುವುದು ವಿಮರ್ಶೆಯ ಸೋಮಾರಿತನ.

ನಿಜವಾದ ಕೊರತೆ ಬೇರೆ. ಟ್ರಂಕಿನಲ್ಲಿಟ್ಟ ಕಾಗದ ಮೊಮ್ಮಕ್ಕಳ ಕಾಲಕ್ಕೂ ಸಿಗುತ್ತಿತ್ತು. ಬ್ಯಾಕಪ್ ಇಲ್ಲದ ಫೋನು ಕೆಟ್ಟರೆ ಈ ದನಿಗಳೆಲ್ಲ ಹೋದಂತೆಯೇ. ಮಂಟೇಸ್ವಾಮಿ ಕಾವ್ಯವನ್ನು ಕಲಾವಿದರ ಬಾಯಿಂದ ಕೇಳಿ ಅಚ್ಚು ಹಾಕಿಸಿದ ಹಂಪಿಯ ಕನ್ನಡ ವಿಶ್ವವಿದ್ಯಾಲಯದಂಥ ಸಂಸ್ಥೆಗಳು ಈ ದನಿಗಳನ್ನೂ, ಕಳಿಸಿದವರ ಒಪ್ಪಿಗೆ ಕೇಳಿ, ಈಗಲೇ ಕೂಡಿಡಲು ಶುರುಮಾಡಬೇಕು.